ಅಡಕೊತ್ತು

ಅಡಕೊತ್ತು ಒಣಗಿದ ಅಡಿಕೆಯನ್ನು ಒಡೆದು ಹೋಳು ಮಾಡಲು ಬಳಸುವ, ಎರಡು ತೋಳುಗಳುಳ್ಳ ಲೋಹದ ಕೈ ಉಪಕರಣ. ಇದನ್ನು ಅಡಕತ್ತರಿ ಎಂದೂ ಕರೆಯುತ್ತಾರೆ. ಮಡಚಿ ಕಿಸೆಯಲ್ಲೋ ಸೊಂಟದ ಚೀಲದಲ್ಲೋ ಇರಿಸಿಕೊಳ್ಳಬಹುದಾದ ಅಲಗುಗಳ ಪೈಕಿ ಕರ್ನಾಟಕದಲ್ಲಿ ಅತ್ಯಂತ ವ್ಯಾಪಕವಾಗಿ ಬಳಕೆಯಲ್ಲಿದ್ದದ್ದು ಚಾಕುವಲ್ಲ, ಅಡಕೊತ್ತು. ಹುಬ್ಬಳ್ಳಿ-ಧಾರವಾಡ ಮತ್ತು ಅದರ ಸುತ್ತಣ ಹಳ್ಳಿಗಳಲ್ಲಿ ಎಲೆ, ಅಡಿಕೆ, ಸುಣ್ಣ, ತಂಬಾಕುಗಳೊಡನೆ ಇದು ‘ಚಂಚಿ’ ಎಂಬ ಬಟ್ಟೆಯ ಚೀಲದಲ್ಲಿ ಇರುತ್ತಿತ್ತು. ಚಹಾ ಕುಡಿದ ಮೇಲೆ ಚಂಚಿ ಬಿಚ್ಚುವುದು ದಿನಚರಿಯ ಒಂದು ಭಾಗವಾಗಿತ್ತು. ಕತ್ತರಿಸಿದ ಅಡಿಕೆ ಮತ್ತು ಗುಟ್ಕಾ ಸಣ್ಣ ಚೀಟಿಗಳಲ್ಲಿ ಮಾರಾಟಕ್ಕೆ ಬಂದ ಮೇಲೆ ಇದರ ಬಳಕೆ ಕುಗ್ಗಿದೆ.

ಹೆಸರು

ಅಡಕತ್ತರಿ ಎಂಬುದು ‘ಅಡಕೆ’ ಮತ್ತು ‘ಕತ್ತರಿ’ ಪದಗಳು ಸೇರಿ ಆದದ್ದು. ಅಡಕೊತ್ತು ಎಂಬುದನ್ನು ‘ಅಡಕೆ’ ಮತ್ತು ‘ಒತ್ತು’ ಎಂದು ಬಿಡಿಸುವುದುಂಟು. ಉಪಕರಣದ ಕೆಲಸವನ್ನು ನೋಡಿದರೆ ಈ ಎರಡನೆಯ ಹೆಸರೇ ಹೆಚ್ಚು ಸರಿಯಾದದ್ದು, ಏಕೆಂದರೆ ಕತ್ತರಿಯಂತೆ ಇದರಲ್ಲಿ ಎರಡು ಅಲಗುಗಳು ಒಂದನ್ನೊಂದು ದಾಟಿ ಹೋಗುವುದಿಲ್ಲ. ಮರಾಠಿಯಲ್ಲಿ ಅಡಕಿತ್ತಾ, ತೆಲುಗಿನಲ್ಲಿ ಅಡಕತ್ತೆರ, ತಮಿಳು ಮತ್ತು ಮಲಯಾಳಂಗಳಲ್ಲಿ ಪಾಕ್ಕುವೆಟ್ಟಿ, ಹಿಂದಿಯಲ್ಲಿ ಸರೌತಾ, ಗುಜರಾತಿಯಲ್ಲಿ ಸೂಡಿ, ಸಿಂಹಳದಲ್ಲಿ ಗಿರಯ, ಮಲಯ ಭಾಷೆಯಲ್ಲಿ ಕಾಚಿಪ್ ಎಂಬ ಹೆಸರುಗಳಿವೆ. ಮರಾಠಿ ಮತ್ತು ತೆಲುಗಿನ ಹೆಸರುಗಳು ಕನ್ನಡದ ಹೆಸರಿಗೆ ಎಷ್ಟು ಹತ್ತಿರವಾಗಿವೆಯೆಂಬುದು ನೋಡಿದೊಡನೆ ತಿಳಿಯುತ್ತದೆ. ಅಡಿಕೆಗೆ ಇಂಗ್ಲಿಷಿನಲ್ಲಿರುವ ‘ಅರೆಕಾ’ ಎಂಬ ಹೆಸರು ಕೂಡ ಇದೇ ದ್ರಾವಿಡ ಮೂಲದ್ದು. ಪೋರ್ಚುಗೀಸರ ಮೂಲಕ ಯುರೋಪಿನ ಭಾಷೆಗಳಿಗೆ ಹೋಯಿತು.

ಸಂಸ್ಕೃತದಲ್ಲಿ ಇದಕ್ಕೆ ಹೊಂದುವ ಪದ ‘ಶಂಕುಲಾ’. ಪಾಣಿನಿಯ ವ್ಯಾಕರಣ ಓದಿದವರಿಗೆ ಈ ಪದ ಪರಿಚಿತ: ತೃತೀಯಾ ತತ್ಪುರುಷ ಸಮಾಸಕ್ಕೆ ವ್ಯಾಖ್ಯಾನಕಾರರು ಕೊಡುವ ಉದಾಹರಣೆ ‘ಶಂಕುಲಾಖಂಡ’, ಅಂದರೆ ಶಂಕುಲೆಯಿಂದ ತುಂಡಾದದ್ದು. ಶಂಕುಲಾ ಎಂದರೆ ಸಣ್ಣ ಕತ್ತಿ ಎಂಬ ಅರ್ಥವೂ ನಿಘಂಟುಗಳಲ್ಲಿದೆ. ಆದ್ದರಿಂದ ಆ ಉದಾಹರಣೆಯಲ್ಲಿ ಕತ್ತರಿಸಲ್ಪಟ್ಟದ್ದು ಅಡಿಕೆಯೇ ಎಂದು ಹಟ ಹಿಡಿಯುವಂತಿಲ್ಲ.

ರಚನೆ ಮತ್ತು ಕೆಲಸ ಮಾಡುವ ಬಗೆ

ಅಡಕೊತ್ತಿನಲ್ಲಿ ಎರಡು ತೋಳುಗಳು ಒಂದು ತುದಿಯಲ್ಲಿ ಕೀಲಿನಿಂದ ಕೂಡಿಕೊಂಡಿರುತ್ತವೆ. ಮೇಲಿನ ತೋಳಿನಲ್ಲಿ, ಕೀಲಿಗೆ ಹತ್ತಿರವಾಗಿ, ಹರಿತವಾದ ಅಲಗಿದೆ. ಕೆಳಗಿನ ತೋಳು ಮೊಂಡು. ಅದರ ಕೆಲಸ ಅಡಿಕೆಯನ್ನು ಹೊತ್ತು ನಿಲ್ಲುವುದು. ಇನ್ನೊಂದು ತುದಿಗಳು ಹಿಡಿಗಳಾಗಿ, ಅಂಗೈಗೆ ಹೊಂದುವಂತೆ ತುಸು ಬಾಗಿರುತ್ತವೆ. ಕಿಸೆಯಲ್ಲಿಡುವ ಅಡಕೊತ್ತು ಗೇಣುದ್ದಕ್ಕಿಂತ ಚಿಕ್ಕದು. ಮನೆಯಲ್ಲಿ, ಹತ್ತಾರು ಜನರಿಗೆ ಅಡಿಕೆ ಒಡೆಯಲು ಇಟ್ಟುಕೊಳ್ಳುವುದು ಅದಕ್ಕಿಂತ ದೊಡ್ಡದು, ಭಾರವಾದದ್ದು.

ಭೌತಶಾಸ್ತ್ರದ ದೃಷ್ಟಿಯಿಂದ ಇದು ಎರಡನೆಯ ವರ್ಗದ ಸನ್ನೆ. ಆನಿಕೆ ಒಂದು ತುದಿಯಲ್ಲಿ, ಬಲ ಪ್ರಯೋಗ ಇನ್ನೊಂದು ತುದಿಯಲ್ಲಿ, ಭಾರ ನಡುವೆ. ಅಡಿಕೆಯನ್ನು ಕೀಲಿನಿಂದ 2.5 ಸೆಂಟಿಮೀಟರ್ ದೂರದಲ್ಲಿಟ್ಟು, 12.5 ಸೆಂಟಿಮೀಟರ್ ದೂರದಲ್ಲಿ ಕೈಯಿಂದ ಒತ್ತಿದರೆ, ಕೈ ಹಾಕಿದ ಬಲದ ಐದು ಪಟ್ಟು ಬಲ ಅಡಿಕೆಯ ಮೇಲೆ ಬೀಳುತ್ತದೆ. ಚಾಕುವಿನಿಂದ ಗೋಟಡಿಕೆ ಕತ್ತರಿಸಲು ಹೋದವರ ಬೆರಳು ಗಾಯವಾಗುವುದಕ್ಕೂ ಅಡಕೊತ್ತಿನಲ್ಲಿ ಅದೇ ಅಡಿಕೆ ಸಲೀಸಾಗಿ ಎರಡಾಗುವುದಕ್ಕೂ ಕಾರಣ ಇದೇ. ಅಡಿಕೆ ಉರುಳುವ ವಸ್ತು. ಚಾಕುವಿನ ಕೆಳಗೆ ಜಾರುತ್ತದೆ. ಅಡಕೊತ್ತಿನಲ್ಲಿ ಅದಕ್ಕೆ ಜಾರಲು ಎಡೆಯಿಲ್ಲ.

ಬಳಸುವ ರೀತಿಯಲ್ಲಿಯೂ ಒಂದು ಕ್ರಮವಿದೆ. ಮೊದಲು ಅಡಿಕೆಯನ್ನು ನಡುವೆ ಎರಡಾಗಿ ಒಡೆಯುತ್ತಾರೆ. ಆಗ ಒಳಗಿನ ಬಿಳಿ ಮತ್ತು ಕಂದು ಬಣ್ಣದ ಸುರುಳಿ ಗೆರೆಗಳು ಕಾಣುತ್ತವೆ. ಹುಳುಕು, ಬೂಷ್ಟು ಇದ್ದರೆ ತಿಳಿಯುವುದೂ ಆಗಲೇ. ಆಮೇಲೆ ಅರ್ಧ ಹೋಳನ್ನು ಚಪ್ಪಟೆ ಬದಿ ಕೆಳಗಾಗಿ ಇಟ್ಟು ತೆಳ್ಳಗೆ ಚೂರು ಮಾಡುತ್ತಾರೆ. ಒಡೆಯುವಾಗ ಚೂರು ಸಿಡಿಯದಂತೆ ಎಡಗೈಯನ್ನು ಮರೆಯಾಗಿ ಹಿಡಿಯುವುದು ರೂಢಿ. ಹಲ್ಲು ಬಿದ್ದವರಿಗೆ ಅಡಕೊತ್ತು ಸಾಲದು. ಅವರು ಎಲೆ-ಅಡಿಕೆಯನ್ನು ಸಣ್ಣ ಕುಟ್ಟಾಣಿಯಲ್ಲಿ ಜಜ್ಜಿಕೊಳ್ಳುತ್ತಾರೆ.

ಅಡಿಕೆ ತೋಟಗಳ ಸೀಮೆಯಲ್ಲಿ ಸಿಪ್ಪೆ ಸುಲಿಯಲು ಬಳಸುವ ಮೆಟ್ಟುಗತ್ತಿ ಬೇರೆಯ ಉಪಕರಣ. ಅದು ಕಾಲಿನಿಂದ ಮೆಟ್ಟಿ ಹಿಡಿಯುವ ಮಣೆಗೆ ನಿಲ್ಲಿಸಿದ ಅಲಗು. ಅಡಕೊತ್ತು ಬೆಳೆಗಾರನದಲ್ಲ, ತಿನ್ನುವವನದು.

ಇತಿಹಾಸ

ತಾಂಬೂಲ ಕರ್ನಾಟಕದಲ್ಲಿ ಬಹಳ ಹಳೆಯ ಪದ್ಧತಿ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನ (ಆಳ್ವಿಕೆ 1126–1138) ‘ಮಾನಸೋಲ್ಲಾಸ’ದಲ್ಲಿ ಅರಸನ ಉಪಭೋಗಗಳನ್ನು ವಿವರಿಸುವ ಭಾಗವಿದ್ದು, ಅದರಲ್ಲಿ ತಾಂಬೂಲಕ್ಕೂ ಸ್ಥಾನವಿದೆ. ಇಂದಿನ ಧಾರವಾಡ ಜಿಲ್ಲೆಯ ಪ್ರದೇಶ ಆ ರಾಜ್ಯದೊಳಗೇ ಇತ್ತು.

ಅರಸರ ಮತ್ತು ಅಧಿಕಾರಿಗಳ ಎಲೆ-ಅಡಿಕೆಯ ಚೀಲ ಅಥವಾ ಪೆಟ್ಟಿಗೆಗೆ ಹಳಗನ್ನಡ ಮತ್ತು ನಡುಗನ್ನಡಗಳಲ್ಲಿ ‘ಹಡಪ’ ಎಂಬ ಹೆಸರಿತ್ತು. ಅದನ್ನು ಹಿಡಿದು ಜೊತೆಗಿರುವುದು ನಂಬಿಕೆಯ ಹುದ್ದೆ. ಒಡೆಯನ ಬಾಯಿಗೆ ಹೋಗುವ ವಸ್ತುವನ್ನು ಯಾರ ಕೈಗೂ ಕೊಡಲಾಗದು. 12ನೆಯ ಶತಮಾನದ ಶರಣ ಹಡಪದ ಅಪ್ಪಣ್ಣ ಬಸವಣ್ಣನವರ ಆಪ್ತನಾಗಿದ್ದವನು; ಅವನ ಹೆಸರಿನಲ್ಲಿಯೇ ಈ ಚೀಲ ಉಳಿದಿದೆ. ಉತ್ತರ ಕರ್ನಾಟಕದ ರೈತನ ಚಂಚಿಯನ್ನು ಹಡಪದ ಬಡ ಮೊಮ್ಮಗ ಎನ್ನಬಹುದು.

ವಿಜಯನಗರಕ್ಕೆ 1443ರಲ್ಲಿ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕ್ ತನ್ನ ಪ್ರವಾಸ ಕಥನದಲ್ಲಿ ಎಲೆ-ಅಡಿಕೆಯ ಬಗ್ಗೆ ಬೆರಗಿನಿಂದ ಬರೆದಿದ್ದಾನೆ. ತಾಂಬೂಲದ ಇತಿಹಾಸದ ಬಗ್ಗೆ ಆಧುನಿಕ ಕಾಲದಲ್ಲಿ ಪುಣೆಯ ಭಂಡಾರಕರ್ ಪ್ರಾಚ್ಯ ಸಂಶೋಧನಾ ಸಂಸ್ಥೆಯ ಪಿ. ಕೆ. ಗೋಡೆ ಅವರು ಸಂಸ್ಕೃತ ಮತ್ತು ಮರಾಠಿ ಆಕರಗಳನ್ನು ಶೋಧಿಸಿ ಹಲವು ಲೇಖನಗಳನ್ನು ಬರೆದರು.

ಹುಬ್ಬಳ್ಳಿ-ಧಾರವಾಡದಲ್ಲಿ: ಚಂಚಿ ಮತ್ತು ಚಹಾ

ಹುಬ್ಬಳ್ಳಿ-ಧಾರವಾಡ ಅಡಿಕೆ ಬೆಳೆಯುವ ಸೀಮೆಯಲ್ಲ. ಅದರ ಸುತ್ತ ಹತ್ತಿ, ಜೋಳ, ಶೇಂಗಾ, ಮೆಣಸಿನಕಾಯಿ ಬೆಳೆಯುವ ಬಯಲು. ಆದರೆ ಅಡಿಕೆಯ ಸೀಮೆ ಪಕ್ಕದಲ್ಲೇ ಇದೆ. ಪಶ್ಚಿಮಕ್ಕೆ ಯಲ್ಲಾಪುರ, ಶಿರಸಿ, ಸಿದ್ದಾಪುರಗಳ ತೋಟಗಳು. ಶಿರಸಿಯ ತೋಟಗಾರ್ಸ್ ಸಹಕಾರಿ ಮಾರಾಟ ಸಂಘ 1923ರಿಂದ ಅಡಿಕೆ ವ್ಯಾಪಾರ ನಡೆಸುತ್ತ ಬಂದಿದೆ. ‘ಶಿರಸಿ ಸುಪಾರಿ’ಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಎಲೆಗೆ ಇನ್ನೊಂದು ದಿಕ್ಕು: ಹಾವೇರಿ ಜಿಲ್ಲೆಯ ಸವಣೂರು ವೀಳ್ಯದೆಲೆಗೆ ಹೆಸರಾದ ಊರು. ಬಿಸಿಲಲ್ಲಿ ಒಣಗಿಸಿದ ಬಿಳಿಯ ಚಾಲಿ, ಬೇಯಿಸಿ ಒಣಗಿಸಿದ ಕೆಂಪಡಿಕೆ, ಎರಡೂ ಪೇಟೆಗೆ ಬರುತ್ತವೆ. ಅಡಕೊತ್ತಿಗೆ ಹೆಚ್ಚು ಕೆಲಸ ಕೊಡುವುದು ಇಡಿಯಾಗಿ ಒಣಗುವ ಚಾಲಿ. ಕೆಂಪಡಿಕೆಯ ಹಲವು ಬಗೆಗಳನ್ನು ಹಸಿಯಾಗಿದ್ದಾಗಲೇ ಸೀಳಿ ಬೇಯಿಸಿರುತ್ತಾರೆ.

ಚಂಚಿಯೆಂದರೆ ಒಳಗೆ ಹಲವು ಅರೆಗಳಿರುವ, ದಾರದಿಂದ ಬಿಗಿದು ಸುತ್ತಿ ಕಟ್ಟುವ ಬಟ್ಟೆಯ ಚೀಲ. ಹಳೆಯ ಖಣ, ಅರಿವೆಗಳ ತುಂಡುಗಳನ್ನು ಕೂಡಿಸಿ ಮನೆಯ ಹೆಂಗಸರು ಹೊಲಿಯುತ್ತಿದ್ದರು. ಒಂದು ಅರೆಯಲ್ಲಿ ಎಲೆ, ಒಂದರಲ್ಲಿ ಅಡಿಕೆ, ಒಂದರಲ್ಲಿ ತಂಬಾಕು, ಪಕ್ಕದಲ್ಲಿ ಸುಣ್ಣದ ಡಬ್ಬಿ, ಉದ್ದನೆಯ ಅರೆಯಲ್ಲಿ ಅಡಕೊತ್ತು. ಧೋತರದ ಸೊಂಟಕ್ಕೋ ಅಂಗಿಯ ಒಳಕಿಸೆಗೋ ಅದು ಸೇರುತ್ತಿತ್ತು. ಚಂಚಿ ಗಂಡಸರದ್ದು ಮಾತ್ರ ಅಲ್ಲ. ವಯಸ್ಸಾದ ಹೆಂಗಸರು ಸೀರೆಯ ನಿರಿಗೆಯ ಬಳಿ ಸಿಕ್ಕಿಸಿಕೊಳ್ಳುತ್ತಿದ್ದರು. ಒಬ್ಬರ ಚಂಚಿಯಿಂದ ಇನ್ನೊಬ್ಬರು ಎಲೆ ಬೇಡುವುದರಲ್ಲಿ ಸಂಕೋಚವಿರಲಿಲ್ಲ. ಪರಿಚಯವಿಲ್ಲದ ಇಬ್ಬರು ಬಸ್ಸಿಗೆ ಕಾಯುತ್ತ ಕುಳಿತಾಗ ‘ಒಂದೀಟು ಅಡಕೊತ್ತ ಕೊಡ್ರಿ’ ಎಂಬಲ್ಲಿಂದ ಮಾತು ಮೊದಲಾಗಿ, ಬಸ್ಸು ಬರುವುದರೊಳಗೆ ಬೀಗತನದ ಮಾತಿಗೆ ಮುಟ್ಟುವುದೂ ಇತ್ತು.

ಈ ಹಳೆಯ ಪದ್ಧತಿಯ ಜೊತೆಗೆ ಚಹಾ ಸೇರಿದ್ದು ಬಹಳ ಈಚೆಗೆ. ಅಸ್ಸಾಮಿನಲ್ಲಿ 19ನೆಯ ಶತಮಾನದ ಮೊದಲರ್ಧದಲ್ಲಿ ಆರಂಭವಾದ ಚಹಾ ಕೃಷಿ ಬಹುಕಾಲ ವಿದೇಶಗಳ ಮಾರುಕಟ್ಟೆಯನ್ನೇ ನಂಬಿತ್ತು. 1903ರಲ್ಲಿ ಚಹಾದ ಮೇಲೆ ವಿಶೇಷ ಕರ ವಿಧಿಸುವ ಕಾಯ್ದೆ ಬಂದು, ಆ ಹಣದಿಂದ ಪ್ರಚಾರ ಕಾರ್ಯ ನಡೆಯಿತು. ದೇಶದೊಳಗೆ ಚಹಾ ಕುಡಿಸಲು ರೈಲು ನಿಲ್ದಾಣಗಳು ಮುಖ್ಯ ಸ್ಥಳಗಳಾದವು. ಹುಬ್ಬಳ್ಳಿ-ಧಾರವಾಡ ಆ ಹೊತ್ತಿಗೆ ರೈಲಿನ ಊರುಗಳೇ ಆಗಿದ್ದವು. ದಕ್ಷಿಣ ಮರಾಠಾ ರೈಲ್ವೆಯ ಕಾರ್ಖಾನೆ 1885ರಲ್ಲಿ ಹುಬ್ಬಳ್ಳಿಯಲ್ಲಿ ಆರಂಭವಾಗಿತ್ತು. ಅದರ ಕಚೇರಿ ಧಾರವಾಡದಲ್ಲಿತ್ತು. ಆ ಕಂಪನಿ 1908ರಲ್ಲಿ ಮದ್ರಾಸ್ ರೈಲ್ವೆಯೊಡನೆ ವಿಲೀನವಾದ ಮೇಲೆ ಧಾರವಾಡದ ಕಚೇರಿಯ ಕಟ್ಟಡ 1917ರಲ್ಲಿ ಸ್ಥಾಪನೆಯಾದ ಕರ್ನಾಟಕ ಕಾಲೇಜಿಗೆ ಬಂತು. ಪಾಳಿಯ ಕೆಲಸ, ನಿಲ್ದಾಣ, ಹತ್ತಿಯ ಗಿರಣಿ, ಪೇಟೆ — ಚಹಾದಂಗಡಿ ಬೆಳೆಯಲು ಬೇಕಾದ ಎಲ್ಲವೂ ಇಲ್ಲಿತ್ತು. ಹಳೆಯ ಮೈಸೂರಿನ ಕಡೆ ಮನೆಗೆ ಬಂದವರಿಗೆ ಕಾಫಿ ಕೊಡುವುದು ರೂಢಿಯಾದರೆ ಇಲ್ಲಿ ಚಹಾ. ಹೆಸರು ಕೂಡ ದಕ್ಷಿಣದ ‘ಟೀ’ ಅಲ್ಲ, ಮರಾಠಿಯ ನೆರೆಯಿಂದ ‘ಚಹಾ’, ಆಡುಮಾತಿನಲ್ಲಿ ‘ಚಾ’.

ಚಹಾದಂಗಡಿಯ ಕ್ರಮ ಸರಳ. ಗಿರ್ಮಿಟ್ ಇಲ್ಲವೆ ಮಿರ್ಚಿ ಬಜಿ, ಅದರ ಖಾರ ಇಳಿಯುವ ಮೊದಲೇ ಚಹಾ. ಹಿರಿಯರು ಕಪ್ಪಿನಿಂದ ಬಸಿಗೆ ಸುರುವಿಕೊಂಡು, ಆರಿಸಿ, ಕುಡಿಯುತ್ತಿದ್ದರು. ಬಸಿ ಕೆಳಗಿಟ್ಟ ಮೇಲೆ ಚಂಚಿ ಬಿಚ್ಚಬೇಕು. ಎಲೆಯ ತೊಟ್ಟು ಮುರಿದು, ಬೆನ್ನಿಗೆ ಸುಣ್ಣ ಸವರುವ ಹೊತ್ತಿಗೆ ಅಡಕೊತ್ತಿನ ‘ಕಟ್’ ಎಂಬ ಸದ್ದು ಕೇಳುತ್ತಿತ್ತು. ಅಡಿಕೆ ಒಡೆಯುವ ಎರಡು-ಮೂರು ನಿಮಿಷಗಳಲ್ಲಿ ಕೈಗೆ ಕೆಲಸ, ಬಾಯಿಗೆ ಬಿಡುವು. ಮಳೆ, ಹತ್ತಿಯ ದರ, ಕೋರ್ಟಿನ ತಾರೀಖುಗಳ ಮಾತು ನಡೆಯುವುದು ಆಗಲೇ. ಚಹಾ ಕುಡಿಯುವುದಕ್ಕಿಂತ ಈ ಬಿಡುವು ದೊಡ್ಡದಾಗಿತ್ತು. ಅದನ್ನು ಅಳೆದುಕೊಟ್ಟದ್ದು ಕಿಸೆಯಲ್ಲಿದ್ದ ಒಂದು ಅಲಗು.

ಚಹಾ ಮತ್ತು ಅಡಿಕೆ ಎರಡರಲ್ಲಿಯೂ ಒಗರಿಗೆ ಕಾರಣವಾದ ಟ್ಯಾನಿನ್ ಇದೆ; ಎರಡರಲ್ಲಿಯೂ ನರಮಂಡಲವನ್ನು ಚುರುಕುಗೊಳಿಸುವ ಕ್ಷಾರಾಭಗಳಿವೆ — ಚಹಾದಲ್ಲಿ ಕೆಫೀನ್, ಅಡಿಕೆಯಲ್ಲಿ ಅರೆಕೊಲಿನ್. ಒಂದರ ಹಿಂದೆ ಒಂದನ್ನು ಬಾಯಿ ಬಯಸುವುದಕ್ಕೆ ಅಭ್ಯಾಸ ಮಾತ್ರ ಕಾರಣವಲ್ಲ.

ತಯಾರಿಕೆ ಮತ್ತು ಆರೈಕೆ

ಸಾಮಾನ್ಯ ಅಡಕೊತ್ತು ಕಂಬಾರರ ಕುಲುಮೆಯ ವಸ್ತು. ಮೆತ್ತನೆಯ ಕಬ್ಬಿಣದಿಂದ ತೋಳುಗಳನ್ನು ಬಡಿದು, ಅಲಗಿನ ಭಾಗಕ್ಕೆ ಗಟ್ಟಿ ಉಕ್ಕನ್ನು ಬಳಸುತ್ತಾರೆ. ಅಲಗನ್ನು ಕೆಂಪಗೆ ಕಾಯಿಸಿ ನೀರಿನಲ್ಲಿ ಅದ್ದಿದರೆ ಗಡಸಾಗುತ್ತದೆ. ಅಷ್ಟಕ್ಕೇ ಬಿಟ್ಟರೆ ಗೋಟಡಿಕೆಯ ಪೆಟ್ಟಿಗೆ ಚಕ್ಕೆ ಏಳುತ್ತದೆ, ಆದ್ದರಿಂದ ಮತ್ತೆ ತುಸು ಕಾಯಿಸಿ ಹದಕ್ಕೆ ತರಬೇಕು. ಕೀಲು ಸಡಿಲವಾದರೆ ಅಲಗು ಕೆಳತೋಳಿನ ಪಕ್ಕಕ್ಕೆ ಜಾರಿ ಅಡಿಕೆ ಜಜ್ಜಿಹೋಗುತ್ತದೆ. ಕೊಳ್ಳುವವರು ಮೊದಲು ಪರೀಕ್ಷಿಸುತ್ತಿದ್ದದ್ದು ಹರಿತವನ್ನಲ್ಲ, ಕೀಲನ್ನು. ಹರಿತವನ್ನು ಸಾಣೆ ಹಿಡಿಯುವವನು ಯಾವಾಗಲಾದರೂ ಕೊಟ್ಟಾನು. ಹಿತ್ತಾಳೆಯ ತೋಳಿಗೆ ಉಕ್ಕಿನ ಅಲಗು ಕೂಡಿಸಿದ ಅಡಕೊತ್ತುಗಳೂ ಇವೆ. ಅವುಗಳಲ್ಲಿ ಗಿಳಿ, ನವಿಲು, ಕುದುರೆಗಳ ಆಕಾರ ಕಾಣುವುದುಂಟು. ಹಕ್ಕಿಯ ಕೊಕ್ಕು ಮತ್ತು ಕತ್ತಿನ ಬಾಗು ಕೀಲಿನ ಭಾಗಕ್ಕೆ ಚೆನ್ನಾಗಿ ಒಪ್ಪುತ್ತದೆ.

ಬಳಸಿದ ಅಡಕೊತ್ತಿನ ಅಲಗು ಕಪ್ಪಗಿರುವುದು ಕೊಳೆಯಲ್ಲ. ಅಡಿಕೆಯ ಟ್ಯಾನಿನ್ ಕಬ್ಬಿಣದೊಡನೆ ಸೇರಿ ನೀಲಿಗಪ್ಪು ಬಣ್ಣದ ಟ್ಯಾನೇಟ್ ಆಗುತ್ತದೆ. ಅಳಲೆಕಾಯಿ ಮತ್ತು ಕಬ್ಬಿಣದಿಂದ ಹಿಂದಿನವರು ಬರೆಯುವ ಮಸಿ ಮಾಡುತ್ತಿದ್ದದ್ದು ಇದೇ ರಾಸಾಯನಿಕ ಕ್ರಿಯೆಯಿಂದ. ಚಹಾದ ಟ್ಯಾನಿನ್ ಕೂಡ ಇದೇ ಕೆಲಸ ಮಾಡಬಲ್ಲದು. ಕಾರ್ಬನ್ ಉಕ್ಕಿನ ಕಿಸೆಚಾಕುಗಳನ್ನು ಮೆಚ್ಚುವ ಹವ್ಯಾಸಿಗಳು ಗಟ್ಟಿ ಕಪ್ಪು ಚಹಾದಲ್ಲಿ ಅಲಗನ್ನು ಅದ್ದಿಟ್ಟು ಬೇಕೆಂದೇ ಈ ಕಪ್ಪನ್ನು ತರಿಸುತ್ತಾರೆ. ಹಾಲು ಹಾಕಿದ ಚಹಾ ಇದಕ್ಕೆ ಅಷ್ಟಾಗಿ ಒದಗುವುದಿಲ್ಲ, ಏಕೆಂದರೆ ಹಾಲಿನ ಪ್ರೋಟೀನು ಟ್ಯಾನಿನ್ನನ್ನು ಹಿಡಿದುಕೊಳ್ಳುತ್ತದೆ. ಈ ಕಪ್ಪು ಪದರ ಕೆಂಪು ತುಕ್ಕನ್ನು ಸ್ವಲ್ಪ ಮಟ್ಟಿಗೆ ತಡೆಯುತ್ತದೆ. ಉಜ್ಜಿ ತೆಗೆಯುವ ಅಗತ್ಯವಿಲ್ಲ. ಒದ್ದೆ ಎಲೆಯ ಜೊತೆ ಚಂಚಿಯಲ್ಲಿ ರಾತ್ರಿಯಿಡೀ ಬಿಡದೆ, ಒರೆಸಿ, ಕೀಲಿಗೆ ಆಗಾಗ ಒಂದು ಹನಿ ಎಣ್ಣೆ ಹಾಕಿದರೆ ಅಡಕೊತ್ತು ಒಂದು ತಲೆಮಾರು ದಾಟಿ ಬಾಳುತ್ತದೆ.

ಕಿಸೆಚಾಕು ಮತ್ತು ಅಡಕೊತ್ತು

ಕಿಸೆಯಲ್ಲಿ ಅಲಗನ್ನು ಇಟ್ಟುಕೊಳ್ಳುವ ಅಭ್ಯಾಸ ಲೋಕದಲ್ಲೆಲ್ಲ ಇದೆ. ಫ್ರಾನ್ಸಿನ ಸವಾಯ್ ಸೀಮೆಯಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ರೂಪಿಸಿದ ಮರದ ಹಿಡಿಯ ಮಡಿಸುವ ಚಾಕು ರೈತರ ಕೈಯಲ್ಲಿ ರೊಟ್ಟಿ, ಹಣ್ಣು ಕೊಯ್ಯಲು ಬಳಕೆಯಾಯಿತು. ಸ್ವಿಟ್ಜರ್ಲೆಂಡಿನ ಕಾರ್ಲ್ ಎಲ್ಸೆನರ್ 1897ರಲ್ಲಿ ನೋಂದಾಯಿಸಿದ ಅಧಿಕಾರಿಗಳ ಚಾಕು ಮುಂದೆ ‘ಸ್ವಿಸ್ ಆರ್ಮಿ ಚಾಕು’ ಎಂದು ಹೆಸರಾಯಿತು. ಭಾರತದಲ್ಲಿ ಮಡಿಸುವ ಚಾಕುವಿಗೆ ಉತ್ತರ ಪ್ರದೇಶದ ರಾಮಪುರದ ಹೆಸರು ಅಂಟಿಕೊಂಡಿದೆ. ಹಿಂದಿ ಚಲನಚಿತ್ರಗಳು ‘ರಾಮಪುರಿ’ಯನ್ನು ಪುಂಡರ ಆಯುಧವಾಗಿ ತೋರಿಸಿದ್ದರಿಂದ ಆ ಹೆಸರಿಗೆ ಕೆಟ್ಟ ಖ್ಯಾತಿ ಬಂತು. ಕೊಡಗಿನ ಪೀಚೆಕತ್ತಿ ಬೇರೆಯ ಬಗೆಯದು: ಮಡಿಸಲಾಗದ, ಅಲಂಕೃತ ಒರೆಯಲ್ಲಿರುವ, ಕುಪ್ಯಚೇಲೆಯ ನಡುಕಟ್ಟಿಗೆ ಮುಂಭಾಗದಲ್ಲಿ ಸಿಕ್ಕಿಸುವ ಗೌರವದ ಕತ್ತಿ.

ಧಾರವಾಡದ ಕಡೆಯ ರೈತರ ಬಳಿಯೂ ಸಣ್ಣ ಮಡಿಸುವ ಚಾಕು ಇರುತ್ತಿತ್ತು. ಪೇರಲ, ಮಾವು, ಕಬ್ಬಿನ ಗಣಿಕೆ, ಹಗ್ಗ, ಶಾಲೆಯ ಮಕ್ಕಳ ಪೆನ್ಸಿಲ್ಲು ಅದರ ಕೆಲಸ. ಆದರೆ ಜನರ ಕಣ್ಣಿನಲ್ಲಿ ಚಾಕುವಿಗೂ ಅಡಕೊತ್ತಿಗೂ ದೊಡ್ಡ ವ್ಯತ್ಯಾಸವಿದೆ. ಚಾಕು ತೆರೆದರೆ ಎದುರಿಗಿದ್ದವನು ಒಮ್ಮೆ ನೋಡುತ್ತಾನೆ. ಅಡಕೊತ್ತು ತೆರೆದರೆ ಅಂಗೈ ಚಾಚುತ್ತಾನೆ. ಅದರ ಅಲಗು ಹೊರಕ್ಕೆ ಮುಖ ಮಾಡಿಲ್ಲ, ತನ್ನದೇ ಕೆಳತೋಳಿನ ಕಡೆಗೆ ಮುಖ ಮಾಡಿದೆ. ಕಾನೂನು ಕೂಡ ಇಂಥ ವ್ಯತ್ಯಾಸವನ್ನು ಗುರುತಿಸುತ್ತದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಅಡಿಯ 2016ರ ನಿಯಮಗಳು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲವಾದ ಅಲಗಿನ ಚಾಕುಗಳನ್ನು ಆಯುಧಗಳ ವರ್ಗದಲ್ಲಿ ಸೇರಿಸುತ್ತವೆ. ಮನೆ, ಬೇಸಾಯ, ವಿಜ್ಞಾನ, ಕೈಗಾರಿಕೆಗಳ ಬಳಕೆಗೆಂದು ಮಾಡಿದವುಗಳನ್ನು ಹೊರಗಿಡುತ್ತವೆ. ಹಾಗೆಂದು ಅಡಕೊತ್ತನ್ನು ಎಲ್ಲಿಗಾದರೂ ಒಯ್ಯಬಹುದು ಎಂದಲ್ಲ. ವಿಮಾನದ ಕೈಚೀಲದಲ್ಲಿ ಹರಿತವಾದ ವಸ್ತುಗಳಿಗೆ ಅವಕಾಶವಿಲ್ಲ. ಹುಬ್ಬಳ್ಳಿಯಿಂದ ವಿಮಾನ ಹತ್ತುವ ಹಿರಿಯರು ಅದನ್ನು ದೊಡ್ಡ ಸಾಮಾನಿನೊಳಗೆ ಹಾಕಬೇಕು.

ಆಚರಣೆಗಳಲ್ಲಿ

ಬಾಣಂತಿ ಮತ್ತು ಕೂಸಿನ ಬಳಿ ಕಬ್ಬಿಣದ ವಸ್ತುವೊಂದನ್ನು ಇಡುವ ನಂಬಿಕೆ ಹಲವು ಕಡೆ ಇದೆ. ಕುಡುಗೋಲು, ಚಾಕುಗಳಂತೆ ಅಡಕೊತ್ತನ್ನೂ ಇದಕ್ಕೆ ಬಳಸುವುದುಂಟು. ಮದುವೆಯ ಮನೆಗಳಲ್ಲಿ ಎಲೆ-ಅಡಿಕೆಯ ತಟ್ಟೆಯಲ್ಲಿ ದೊಡ್ಡ ಅಡಕೊತ್ತು ಇರಿಸುತ್ತಿದ್ದರು, ಅಡಿಕೆ ಒಡೆದು ಕೊಡಲು ಹಿರಿಯರೊಬ್ಬರು ಕುಳಿತಿರುತ್ತಿದ್ದರು. ಪೂಜೆ ಮತ್ತು ದಕ್ಷಿಣೆಗೆ ಮಾತ್ರ ಒಡೆಯದ ಇಡೀ ಅಡಿಕೆಯೇ ಬೇಕು.

ಬಳಕೆಯ ಇಳಿಮುಖ

1970ರ ದಶಕದ ನಂತರ ಕತ್ತರಿಸಿ, ಸುಗಂಧ ಬೆರೆಸಿದ ಅಡಿಕೆ ಮತ್ತು ಗುಟ್ಕಾ ಸಣ್ಣ ಚೀಟಿಗಳಲ್ಲಿ ದೇಶದಾದ್ಯಂತ ಹರಡಿದವು. ಚೀಟಿ ಹರಿದು ಬಾಯಿಗೆ ಸುರಿದುಕೊಳ್ಳಲು ಅಡಕೊತ್ತು ಬೇಡ, ಎಲೆ ಬೇಡ, ಸುಣ್ಣ ಸವರುವ ಬೆರಳೂ ಬೇಡ; ಚಹಾದ ನಂತರದ ಎರಡು-ಮೂರು ನಿಮಿಷಗಳ ಕೆಲಸ ಕ್ಷಣದಲ್ಲಿ ಮುಗಿಯುತ್ತದೆ. ತಿನ್ನುವ ಪ್ರಮಾಣಕ್ಕೆ ಕೈಯ ಶ್ರಮ ಹಾಕಿದ್ದ ಮಿತಿಯೂ ಇದರೊಡನೆ ಹೋಯಿತು. ಚಂಚಿಯಿಂದ ದಿನಕ್ಕೆ ನಾಲ್ಕಾರು ಸಲ ಎಲೆ ಹಾಕುತ್ತಿದ್ದ ತಲೆಮಾರಿನ ನಂತರ, ಬೆಳಗಿನಿಂದ ರಾತ್ರಿಯವರೆಗೆ ಚೀಟಿಯ ಮೇಲೆ ಚೀಟಿ ಹರಿಯುವ ತಲೆಮಾರು ಬಂತು. ಅದರಲ್ಲಿ ಶಾಲೆ ಬಿಡದ ಹುಡುಗರೂ ಇದ್ದರು. ಹಿರಿಯರ ಚಂಚಿಗೆ ಕೈ ಹಾಕಲು ಹೆದರುತ್ತಿದ್ದ ವಯಸ್ಸಿನವರಿಗೆ ಚೀಟಿ ಕೆಲವು ನಾಣ್ಯಗಳಿಗೆ ಸಿಗುತ್ತಿತ್ತು.

ಕರ್ನಾಟಕ ಸರ್ಕಾರ 2013ರಲ್ಲಿ ಗುಟ್ಕಾವನ್ನೂ ತಂಬಾಕು ಬೆರೆತ ಪಾನ್ ಮಸಾಲೆಯನ್ನೂ ನಿಷೇಧಿಸಿತು. ಅದಕ್ಕೆ ಆಧಾರವಾದದ್ದು ಆಹಾರದಲ್ಲಿ ತಂಬಾಕು ಮತ್ತು ನಿಕೋಟಿನ್ ಇರಕೂಡದೆಂಬ 2011ರ ಆಹಾರ ಸುರಕ್ಷತಾ ನಿಯಮ. ವ್ಯಾಪಾರ ನಿಲ್ಲಲಿಲ್ಲ, ಪಾನ್ ಮಸಾಲೆ ಒಂದು ಚೀಟಿಯಲ್ಲಿ, ತಂಬಾಕು ಇನ್ನೊಂದರಲ್ಲಿ ಬಂದು, ಕೊಂಡವನೇ ಎರಡನ್ನೂ ಬೆರೆಸಿಕೊಳ್ಳುವ ದಾರಿ ಹುಟ್ಟಿತು.

ಆರೋಗ್ಯ

ಅಡಕೊತ್ತಿನ ಕಾಲ ಒಳ್ಳೆಯದು, ಚೀಟಿಯ ಕಾಲ ಕೆಟ್ಟದ್ದು ಎಂದು ವಿಭಾಗಿಸುವುದು ಸರಿಯಲ್ಲ. ಕೈಯಲ್ಲಿ ಕತ್ತರಿಸಿದರೂ ಯಂತ್ರದಲ್ಲಿ ಕತ್ತರಿಸಿದರೂ ಅಡಿಕೆ ಅಡಿಕೆಯೇ. ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ತಂಬಾಕು ಸೇರಿದ ತಾಂಬೂಲವನ್ನು 1985ರಲ್ಲಿಯೇ ಕ್ಯಾನ್ಸರ್‌ಕಾರಕವೆಂದು ಹೇಳಿತ್ತು. 2004ರಲ್ಲಿ ಪ್ರಕಟವಾದ ಅದರ ಇನ್ನೊಂದು ವರದಿ ತಂಬಾಕು ಇಲ್ಲದ ತಾಂಬೂಲವನ್ನೂ, ಬರಿಯ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ‘ತಂಬಾಕು ಬಿಟ್ಟೇನಿ, ಬರೇ ಅಡಕಿ’ ಎಂಬ ಸಮಾಧಾನಕ್ಕೆ ಹೀಗಾಗಿ ಆಧಾರವಿಲ್ಲ. ಅಡಿಕೆ ಕರ್ನಾಟಕದ ಲಕ್ಷಾಂತರ ಬೆಳೆಗಾರರ ಜೀವನಾಧಾರವಾದ್ದರಿಂದ ಈ ವರ್ಗೀಕರಣ ರಾಜ್ಯದಲ್ಲಿ ತೀವ್ರ ಚರ್ಚೆಗೆ ಒಳಗಾಗಿದೆ. ಬೆಳೆಗಾರರ ಕಷ್ಟ ನಿಜವಾದದ್ದು. ಅದು ಬಾಯಿಯೊಳಗಿನ ರೋಗವನ್ನು ಬದಲಿಸುವುದಿಲ್ಲ.

ಅಡಿಕೆಯಿಂದ ಬರುವ ಮುಖ್ಯ ಕಾಯಿಲೆ ಬಾಯಿಯ ಸಬ್‌ಮ್ಯೂಕಸ್ ಫೈಬ್ರೋಸಿಸ್. ಈ ಹೆಸರನ್ನು 1953ರಲ್ಲಿ ಬಳಕೆಗೆ ತಂದವರು ಭಾರತೀಯ ವೈದ್ಯ ಎಸ್. ಜಿ. ಜೋಶಿ. ಕೆನ್ನೆಯ ಒಳಪದರದ ಅಡಿಯಲ್ಲಿ ನಾರಿನಂಥ ಅಂಗಾಂಶ ಕಟ್ಟಿಕೊಂಡು ಬಾಯಿ ಬಿಗಿಯುತ್ತ ಹೋಗುತ್ತದೆ. ಇದರ ಮೊದಲ ಸೂಚನೆ ಉರಿ: ದಿನವೂ ತಿನ್ನುತ್ತಿದ್ದ ಮಿರ್ಚಿ, ದಿನವೂ ಕುಡಿಯುತ್ತಿದ್ದ ಬಿಸಿ ಚಹಾ ಒಂದು ದಿನ ಬಾಯಿಗೆ ತಾಳದಾಗುತ್ತದೆ. ಹಲವರು ಇದನ್ನು ಉಷ್ಣವೆಂದೋ ಬಾಯಿ ಹುಣ್ಣೆಂದೋ ತಿಳಿದು ಚಹಾವನ್ನು ಆರಿಸಿ ಕುಡಿಯತೊಡಗುತ್ತಾರೆ, ಅಡಿಕೆಯನ್ನು ಬಿಡುವುದಿಲ್ಲ. ಮುಂದೆ ಬಾಯಿ ತೆರೆಯುವುದು ಕಿರಿದಾಗುತ್ತದೆ. ವಯಸ್ಕರಿಗೆ ಸಾಮಾನ್ಯವಾಗಿ ತಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದಾಗಿ ಮುಂಬಲ್ಲುಗಳ ನಡುವೆ ಹಿಡಿಸಲು ಆಗಬೇಕು. ಆಗದಿದ್ದರೆ ದಂತವೈದ್ಯರಿಗೆ ತೋರಿಸಬೇಕು. ಒಮ್ಮೆ ಕಟ್ಟಿಕೊಂಡ ನಾರು ಪೂರ್ತಿಯಾಗಿ ಕರಗುವುದಿಲ್ಲ, ಆದರೆ ಅಡಿಕೆ ಬಿಟ್ಟರೆ ಕಾಯಿಲೆ ಮುಂದುವರಿಯುವ ವೇಗ ತಗ್ಗುತ್ತದೆ. ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಈ ಕಾಯಿಲೆಯ 66 ರೋಗಿಗಳನ್ನು 17 ವರ್ಷ ಗಮನಿಸಿದ ಅಧ್ಯಯನದಲ್ಲಿ 5 ಜನರಿಗೆ ಬಾಯಿಯ ಕ್ಯಾನ್ಸರ್ ಬಂತು. ಹುಬ್ಬಳ್ಳಿಯ ನವನಗರದ ಕರ್ನಾಟಕ ಕ್ಯಾನ್ಸರ್ ಚಿಕಿತ್ಸೆ ಮತ್ತು ಸಂಶೋಧನಾ ಸಂಸ್ಥೆ ಈ ಭಾಗದಲ್ಲಿ ಕ್ಯಾನ್ಸರ್ ಚಿಕಿತ್ಸೆ ನೀಡುವ ಸಂಸ್ಥೆಗಳಲ್ಲಿ ಒಂದು.

ಚಹಾದ ವಿಷಯದಲ್ಲಿ ಅದೇ ಅಂತರರಾಷ್ಟ್ರೀಯ ಸಂಸ್ಥೆ 2016ರಲ್ಲಿ ಹೇಳಿದ್ದು ಬೇರೆ. 65 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾದ ಯಾವುದೇ ಪಾನೀಯ ಅನ್ನನಾಳದ ಕ್ಯಾನ್ಸರಿಗೆ ಕಾರಣವಾಗುವ ಸಂಭವವಿದೆ. ದೋಷ ಬಿಸಿಯದು, ಚಹಾದ್ದಲ್ಲ. ಬಸಿಗೆ ಸುರುವಿ ಆರಿಸಿ ಕುಡಿಯುತ್ತಿದ್ದ ಹಿರಿಯರ ಪದ್ಧತಿಯನ್ನು ಈಗ ಹಳ್ಳಿಗರ ಅಭ್ಯಾಸವೆಂದು ನಗುವುದು ಕಡಿಮೆಯಾಗಬೇಕು.

ಭಾಷೆಯಲ್ಲಿ

ವಸ್ತು ಮರೆಯಾಗುತ್ತಿದ್ದರೂ ಪದ ಉಳಿದಿದೆ. ಎರಡೂ ಕಡೆಯ ಒತ್ತಡಕ್ಕೆ ಸಿಕ್ಕು ತಪ್ಪಿಸಿಕೊಳ್ಳಲಾಗದ ಸ್ಥಿತಿಗೆ ‘ಅಡಕತ್ತರಿಯಲ್ಲಿ ಸಿಲುಕಿದಂತೆ’ ಎನ್ನುವುದು ಕನ್ನಡದ ನುಡಿಗಟ್ಟು. ದಿನಪತ್ರಿಕೆಗಳ ತಲೆಬರಹಗಳಲ್ಲಿ ಸರ್ಕಾರಗಳೂ ಪಕ್ಷಗಳೂ ಬೆಳೆಗಾರರೂ ಆಗಾಗ ಅಡಕತ್ತರಿಯಲ್ಲಿ ಸಿಲುಕುತ್ತಾರೆ. ತೆಲುಗಿನಲ್ಲಿಯೂ ‘ಅಡಕತ್ತೆರಲೋ ಪೋಕಚೆಕ್ಕ’, ಅಂದರೆ ಅಡಕತ್ತರಿಯಲ್ಲಿನ ಅಡಿಕೆ ಹೋಳು, ಎಂಬ ಮಾತು ಇದೇ ಅರ್ಥದಲ್ಲಿದೆ. ಈ ನುಡಿಗಟ್ಟನ್ನು ಪರೀಕ್ಷೆಯಲ್ಲಿ ವಾಕ್ಯದಲ್ಲಿ ಪ್ರಯೋಗಿಸಬಲ್ಲ ವಿದ್ಯಾರ್ಥಿಗಳಲ್ಲಿ ಅನೇಕರು ಅಡಕತ್ತರಿಯನ್ನು ಕೈಯಲ್ಲಿ ಹಿಡಿದಿರುವುದಿಲ್ಲ. ಕೆಲವರು ಅದನ್ನು ಬಟ್ಟೆ ಕತ್ತರಿಸುವ ಕತ್ತರಿಯಂತೆ ಎರಡು ಅಲಗುಗಳದ್ದೆಂದು ಚಿತ್ರಿಸುತ್ತಾರೆ. ಆಗ ನುಡಿಗಟ್ಟಿನ ಅರ್ಥವೂ ತುಸು ತಪ್ಪುತ್ತದೆ, ಏಕೆಂದರೆ ಅಡಕತ್ತರಿಯಲ್ಲಿ ಒಂದು ಬದಿ ಮಾತ್ರ ಕೊಯ್ಯುತ್ತದೆ, ಇನ್ನೊಂದು ಸುಮ್ಮನೆ ಹಿಡಿದುಕೊಂಡಿರುತ್ತದೆ.

ಸಂಗ್ರಹಗಳು

ಪುಣೆಯ ರಾಜಾ ದಿನಕರ ಕೇಳಕರ್ ವಸ್ತುಸಂಗ್ರಹಾಲಯದಲ್ಲಿ ಅಡಕೊತ್ತುಗಳ ದೊಡ್ಡ ಸಂಗ್ರಹವಿದೆ. ಅಮೆರಿಕದ ಗಣಿತಜ್ಞ ಸ್ಯಾಮ್ಯುಯೆಲ್ ಐಲೆನ್‌ಬರ್ಗ್ ಭಾರತ ಮತ್ತು ಆಗ್ನೇಯ ಏಷ್ಯಾದ ಅಡಕೊತ್ತುಗಳನ್ನು ಸಂಗ್ರಹಿಸಿದ್ದರು. ಅವುಗಳ ಬಗ್ಗೆ ಹೆನ್ರಿ ಬ್ರೌನ್‌ರಿಗ್ ಬರೆದ ಸಚಿತ್ರ ಗ್ರಂಥವಿದೆ. ಇಂಥ ಸಂಗ್ರಹಗಳಲ್ಲಿ ಸಹಜವಾಗಿಯೇ ಚಿತ್ತಾರದ ಹಿತ್ತಾಳೆಯವು, ಬೆಳ್ಳಿ ಕೂಡಿಸಿದವು ಹೆಚ್ಚು. ಚಂಚಿಯ ಸಾದಾ ಕಬ್ಬಿಣದ ಅಡಕೊತ್ತು, ಹಿಡಿಯಲ್ಲಿ ಬೆರಳ ಗುರುತು ಸವೆದು, ಅಲಗು ಕಪ್ಪಾಗಿ, ಇನ್ನೂ ಹೆಚ್ಚಾಗಿ ಸಿಗುವುದು ಮನೆಗಳ ಮಾಡಿನ ಗೂಡುಗಳಲ್ಲಿ ಮತ್ತು ಹಳೆಯ ಕಬ್ಬಿಣ ಕೊಳ್ಳುವವರ ತಕ್ಕಡಿಯಲ್ಲಿ.